ಆಸಿಸ್ ಕಂಪನಿಯ ಮಷಿನ್

"ನಿನ್ನ ಕೈಲಿ ಆಗಲ್ಲ ಕಣೇ" ಎಂದು ಮೊದಲು ಹೇಳಿದವರು ನನ್ನ ಭಾವ, ಅಂದರೆ ಅಕ್ಕನ ಗಂಡ. ರಾಜಾಜಿನಗರದಲ್ಲಿ ಅವರದು ಟೈಲರಿಂಗ್ ಅಂಗಡಿ. ಆರು ವರ್ಷ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಓವರ್‌ಲಾಕ್ ಮಷಿನ್ ಮುಂದೆ ಕೂತಿದ್ದವಳು ನಾನು. ಓವರ್‌ಲಾಕ್ ಅಂದರೆ ಬಟ್ಟೆಯ ಅಂಚು ಬಿಚ್ಚಿಕೊಳ್ಳದ ಹಾಗೆ ಹೆಣೆಯುವ ಮಷಿನ್. ವಿಜಯನಗರದಲ್ಲಿ ಸ್ವಂತ ಅಂಗಡಿ ಇಡುತ್ತೇನೆ ಎಂದಾಗ ಭಾವ ಹಲ್ಲಿನಲ್ಲಿ ದಾರ ಕತ್ತರಿಸಿಕೊಂಡು ಹೇಳಿದರು: "ಓದು ಬರಲ್ಲ, ದುಡ್ಡಿಲ್ಲ, ಓವರ್‌ಲಾಕ್ ಇಲ್ಲ. ಮಳೆಗಾಲಕ್ಕೆ ಮುಂಚೆ ವಾಪಸ್ ಬರ್ತೀಯ. ನಿನ್ನ ಸ್ಟೂಲ್ ಹಾಗೇ ಇಟ್ಟಿರ್ತೀನಿ."

ಓದು ಬರುತ್ತಿತ್ತು. ಶಾಲೆಯಲ್ಲಿ ಕಲಿತದ್ದಲ್ಲ, ಅಷ್ಟೆ. ಒಂದು ಕಾಲದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ದೆವ್ವ ಒಳಗೆ ಬರದಿರಲಿ ಎಂದು "ನಾಳೆ ಬಾ" ಅಂತ ಬರೆದಿರುತ್ತಿದ್ದರು. ನಾನು ಕೂಡಿಸಿ ಓದಿದ ಮೊದಲ ಕನ್ನಡ ಅದು. ಇಂಗ್ಲಿಷ್ ಶುರುವಾದದ್ದು ಅಂಗಿಯ ಕಾಲರಿನಿಂದ: ಎಸ್, ಎಂ, ಎಲ್, ಎಕ್ಸ್‌ಎಲ್. ಉಳಿದ ಅಕ್ಷರಗಳನ್ನು ಬಸ್ಸಿನ ಬೋರ್ಡು ಮತ್ತು ಬಿಸ್ಕತ್ತಿನ ಪೊಟ್ಟಣದಿಂದ ತುಂಬಿಸಿಕೊಂಡೆ.

ಭಾವ ಹೇಳಿದ್ದರಲ್ಲಿ ಒಂದು ಮಾತ್ರ ನಿಜ. ಓವರ್‌ಲಾಕ್ ಇರಲಿಲ್ಲ. ಹೊಲಿದ ಬಟ್ಟೆಯನ್ನೆಲ್ಲ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಅವರ ಅಂಗಡಿಗೇ ಹೋಗಬೇಕು. ಗಂಟು ನೋಡಿದ ಕೂಡಲೇ ಅವರು "ನಾಳೆ ಬಾ" ಅನ್ನುತ್ತಿದ್ದರು. ದೆವ್ವಕ್ಕಾದರೆ ಗೌರವವಾಗಿ ಬರೆದು ಹೇಳುತ್ತಿದ್ದರು, ನನಗೆ ಬಾಯಲ್ಲೇ.

ಅಷ್ಟರಲ್ಲಿ ಬಸವೇಶ್ವರನಗರದ ಒಂದು ಶಾಲೆಯವರು ಮಕ್ಕಳ ಯೂನಿಫಾರ್ಮ್ ಹೊಲಿಯುವ ಕೆಲಸ ಕೊಡುತ್ತೇವೆ ಎಂದರು. ಷರತ್ತು ಒಂದೇ: ಜೂನ್ ಬರುವುದರೊಳಗೆ ನನ್ನ ಅಂಗಡಿಯಲ್ಲೇ ಓವರ್‌ಲಾಕ್ ಇರಬೇಕು. ಇದ್ದರೆ ನಾನು ಅಂಗಡಿಯವಳು. ಇಲ್ಲದಿದ್ದರೆ ಭಾವನ ಸ್ಟೂಲು. ಹೊಸ ಮಷಿನಿನ ರೇಟು ಕೇಳಿ ನೀರು ಕುಡಿದು ವಾಪಸ್ ಬಂದೆ. ಆಗ ಎದುರಿನ ಸೈಬರ್ ಸೆಂಟರಿನವರು ಹೇಳಿದರು, "ಕಂಪ್ಯೂಟರಲ್ಲಿ ಹರಾಜು ಹಾಕ್ತಾರೆ ಮೇಡಮ್. ಹಳೇದು ಸಿಗುತ್ತೆ."

ಅಲ್ಲಿಂದ ಶುರು. ಇಂಥವು ನನಗೇ ಯಾಕೆ ಆಗುತ್ತವೋ ಕಾಣೆ. ಒಂದು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ, ಅದೂ ಕೊರಿಯರ್ ಚಾರ್ಜ್ ಕೇಳಿಕೊಂಡು.

ಮೂರನೇ ಸಲ

ಹರಾಜು ನನಗೆ ಹೊಸದಲ್ಲ. ನಮ್ಮ ಬೀದಿಯ ಹೆಂಗಸರ ಚೀಟಿಯಲ್ಲಿ ತಿಂಗಳಿಗೊಮ್ಮೆ ಕೂಗು ನಡೆಯುತ್ತದೆ. ಚೀಟಿ ನಡೆಸುವಾಕೆ "ಒಂದನೇ ಸಲ" ಎಂದು ಎಳೆದು ಹೇಳುತ್ತಾಳೆ. "ಎರಡನೇ ಸಲ" ಎಂದು ಇನ್ನೂ ಎಳೆದು ಹೇಳುತ್ತಾಳೆ. ಆಮೇಲೆ ಎಲ್ಲರ ಮುಖ ನೋಡಿ, ಕಾಫಿ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು "ಮೂರನೇ ಸಲ" ಅನ್ನುತ್ತಾಳೆ. ಬುದ್ಧಿ ಇರುವವರು ಎರಡನೇ ಸಲ ಆಗುವ ತನಕ ಬಾಯಿ ಬಿಡುವುದಿಲ್ಲ. ಆ ಆಟದಲ್ಲಿ ನನ್ನನ್ನು ಮೀರಿಸಿದವರು ನಮ್ಮ ಬೀದಿಯಲ್ಲಿ ಇರಲಿಲ್ಲ.

ಸೈಬರ್ ಸೆಂಟರಿನ ಯಜಮಾನರು ಮೊದಲು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ವಿ.ಆರ್.ಎಸ್. ದುಡ್ಡಿನಲ್ಲಿ ಕಂಪ್ಯೂಟರ್ ಇಟ್ಟಿದ್ದರು. ಯಾವುದಾದರೂ ಕಂಪ್ಯೂಟರ್ ನಿಂತರೆ ಅದರ ಡಬ್ಬಕ್ಕೆ ಅಂಗೈಯಲ್ಲಿ ಏಟು ಹಾಕುವುದು ಅವರ ಚಿಕಿತ್ಸೆ. ತಮ್ಮ ಹೆಸರಿನಲ್ಲೇ ಅಕೌಂಟ್ ತೆರೆದು ನನ್ನನ್ನು ಒಂದು ಕಂಪ್ಯೂಟರ್ ಮುಂದೆ ಕೂರಿಸಿದರು. ಪರದೆಯ ಮೇಲೆ ಒಂದು ಹಳೆಯ ಓವರ್‌ಲಾಕ್, ಮೂಲೆಯಲ್ಲಿ ಟೈಮು ಇಳಿಯುತ್ತಿತ್ತು. ನಾನು ಕೈಕಟ್ಟಿ ಕೂತೆ.

"ಮೇಡಮ್, ರೇಟ್ ಹಾಕಿ. ಟೈಮ್ ಆಗ್ತಾ ಇದೆ."

"ಸುಮ್ನಿರಿ ಸಾರ್. ಇನ್ನೂ ಒಂದನೇ ಸಲಾನೇ ಹೇಳಿಲ್ಲ."

"ಯಾರು ಹೇಳ್ಬೇಕು?"

"ಹರಾಜು ಕೂಗೋನು."

ಅವರು ಪರದೆ ನೋಡಿದರು, ನನ್ನನ್ನು ನೋಡಿದರು, ತಲೆ ಕೆರೆದುಕೊಂಡರು. "ಇದಕ್ಕೆ ಸ್ಪೀಕರ್ ಹಾಕಿಲ್ಲ ಮೇಡಮ್. ಅದಕ್ಕೇ ಕೇಳಿಸ್ತಿಲ್ವೇನೋ." ಹೋಗಿ ಬೇರೆ ಕಂಪ್ಯೂಟರಿನ ಸ್ಪೀಕರ್ ಕಿತ್ತು ತಂದು ಸಿಕ್ಕಿಸಿದರು. ಇಬ್ಬರೂ ಒಂದೊಂದು ಸ್ಪೀಕರಿಗೆ ಕಿವಿ ಕೊಟ್ಟು ಕೂತೆವು. ಯಾರೂ ಏನೂ ಕೂಗಲಿಲ್ಲ. ಟೈಮು ಸೊನ್ನೆಯಾಯಿತು, ಮಷಿನ್ ಇನ್ಯಾರದೋ ಪಾಲಾಯಿತು.

ಕಂಪ್ಯೂಟರಿನ ಹರಾಜಿನಲ್ಲಿ ಕೂಗುವವನೇ ಇಲ್ಲ, ಗಡಿಯಾರವೇ ಯಜಮಾನ ಎಂದು ಅವತ್ತು ಗೊತ್ತಾಯಿತು. ಹೊರಡುವಾಗ ಅವರು ಲೆಕ್ಕ ಹೇಳಿದರು: "ಅರ್ಧ ಗಂಟೆಗೆ ಹತ್ತು ರೂಪಾಯಿ ಮೇಡಮ್. ಸ್ಪೀಕರಿಗೆ ಐದು."

ಫಾರಿನ್ ಕಂಪನಿ

ಎರಡನೆಯ ಮಷಿನನ್ನು ಬಿಡಲಿಲ್ಲ. ಫೋಟೋದಲ್ಲಿ ಫಳಫಳ ಹೊಳೆಯುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಹೆಸರು. ಕೂಡಿಸಿ ಓದಿದೆ: ಎ, ಎಸ್, ಐ, ಎಸ್. ಆಸಿಸ್. ನಡುವೆ ಸ್ವಲ್ಪ ಜಾಗ ಬಿಟ್ಟಿದ್ದರು. ದೊಡ್ಡ ಕಂಪನಿಯವರು ಹೆಸರನ್ನು ಹಾಗೆಲ್ಲ ಸ್ಟೈಲಾಗಿ ಬರೆಯುತ್ತಾರೆ ಅಂದುಕೊಂಡೆ.

"ಆಸಿಸ್ ಅಂದ್ರೆ ಯಾವ ದೇಶದ್ದು ಸಾರ್?" ಎಂದು ಸೈಬರ್ ಯಜಮಾನರನ್ನು ಕೇಳಿದೆ.

"ಜರ್ಮನಿ ಇರ್ಬೇಕು. ನಮ್ಮ ಫ್ಯಾಕ್ಟರಿಗೆ ಒಂದ್ಸಲ ಆಸಿಸ್ ಲೇತ್ ಬಂದಿತ್ತು ಅನ್ಸುತ್ತೆ."

ಅಂಗಡಿಯ ಮಹಡಿಯ ಮೇಲಿರುವ ನಮ್ಮ ಓನರಮ್ಮನಿಗೆ ಹೇಳಿದೆ. ಆಕೆಗೆ ತಿಳಿಯದ ವಸ್ತು ಪ್ರಪಂಚದಲ್ಲಿ ಇಲ್ಲ. "ಆಸಿಸ್ಸಾ? ಅಮೆರಿಕದಲ್ಲಿ ನಮ್ಮ ನಾದಿನಿ ಅದನ್ನೇ ಇಟ್ಕೊಂಡಿದಾಳೆ. ಒಂಚೂರೂ ಸದ್ದೇ ಬರಲ್ವಂತೆ."

ಕೊನೆಗೆ ಭಾವನಿಗೂ ಹೇಳಿದೆ, ಹೊಟ್ಟೆ ಉರಿಯಲಿ ಎಂದು. ಅವರು ಗಂಭೀರವಾಗಿ ತಲೆಯಾಡಿಸಿದರು. "ಆಸಿಸ್ ಕಂಪನಿ ಒಳ್ಳೇದೇ. ನಾನೂ ಒಂದು ಕಾಲದಲ್ಲಿ ತಗೋಬೇಕು ಅಂತಿದ್ದೆ. ಆದ್ರೆ ಸ್ಪೇರ್ ಪಾರ್ಟ್ಸ್ ಸಿಗಲ್ಲ ಕಣೇ."

ಮಷಿನ್ ಬಂತು. ಅರಿಶಿನ ಕುಂಕುಮ ಇಟ್ಟೆ. ಸ್ವಿಚ್ ಹಾಕಿದೆ. ಓನರಮ್ಮ ಹೇಳಿದ್ದು ನಿಜವಾಯಿತು. ಸದ್ದೇ ಬರಲಿಲ್ಲ.

ಮಾರಿದವನಿಗೆ ಫೋನ್ ಮಾಡಿದೆ. ಊರು ಕೊಯಮತ್ತೂರು. ನಾನು ಏನು ಕೇಳಿದರೂ ಅವನದು ಒಂದೇ ಜಪ: "ಆಸ್ ಈಸ್ ಮೇಡಮ್, ಆಸ್ ಈಸ್."

"ಆಸಿಸ್ ಅಂತ ಗೊತ್ತಪ್ಪಾ. ಅದಕ್ಕೇ ತಗೊಂಡಿದ್ದು. ಓಡ್ತಾ ಇಲ್ಲ."

"ಆಸ್ ಈಸ್ ಮೇಡಮ್."

"ಕಂಪನಿ ಹೆಸರು ಎಷ್ಟು ಸಲ ಹೇಳ್ತೀಯ? ಮೋಟರ್ ಸತ್ತಿದೆ."

ಫೋನ್ ಇಟ್ಟುಬಿಟ್ಟ. ಅವತ್ತು ಸಂಜೆ ಫುಟ್‌ಪಾತಿನಲ್ಲಿ ಒಂದು ಹಳೆಯ ಇಂಗ್ಲಿಷ್-ಕನ್ನಡ ಡಿಕ್ಷನರಿ ತೆಗೆದುಕೊಂಡೆ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು: ಅದು ಕಂಪನಿಯಲ್ಲ, ಎರಡು ಪದ. ಇದ್ದದ್ದು ಇದ್ದ ಹಾಗೆ. ಕೆಟ್ಟಿದ್ದರೆ ಕೆಟ್ಟ ಹಾಗೆಯೇ, ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರುವವರು ಮೊದಲೇ ಹೇಳಿಬಿಡುವ ಮಾತು.

ಸೈಬರ್ ಯಜಮಾನರಿಗೆ ವಿವರಿಸಿದೆ. "ಹಾಗಾದ್ರೆ ಅದು ಲೇತ್ ಅಲ್ಲ, ಡ್ರಿಲ್ಲಿಂಗ್ ಮಷಿನ್ ಇರ್ಬೇಕು" ಎಂದರು. ಓನರಮ್ಮನಿಗೂ ವಿವರಿಸಿದೆ. ಆಕೆ ಸೋಲುವವಳಲ್ಲ. "ಅಮೆರಿಕದಲ್ಲೂ ಹಾಗೇ ಅಂತೆ ಕಣಮ್ಮ. ನಾದಿನಿದೂ ಓಡಲ್ವಂತೆ." ಭಾವನಿಗೆ ಮಾತ್ರ ನಾನು ಹೇಳಲಿಲ್ಲ.

ಬೆಕ್ಕು

ಆಮೇಲೆ ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡೇ ಸೈಬರಿನಲ್ಲಿ ಕೂರುತ್ತಿದ್ದೆ. ಒಂದು ಓವರ್‌ಲಾಕ್ ಸಿಕ್ಕಿತು. ಫೋಟೋದಲ್ಲಿ ಟೇಬಲ್ಲು, ಟೇಬಲ್ಲಿನ ಮೇಲೆ ಮಷಿನ್, ಮಷಿನಿನ ಮೇಲೆ ಒಂದು ಬೆಕ್ಕು. "ಓವರ್‌ಲಾಕ್ ಮಷಿನ್ ಟೇಬಲ್, ಗುಡ್ ಕಂಡಿಷನ್" ಎಂದು ಬರೆದಿತ್ತು. ಗುಡ್ ಗೊತ್ತಿತ್ತು. ಕಂಡಿಷನ್ ಹುಡುಕಿ ತಿಳಿದುಕೊಂಡೆ. ಆಸಿಸ್ ಎಲ್ಲಿಯೂ ಇರಲಿಲ್ಲ. ರೇಟು ನಂಬಲಾಗದಷ್ಟು ಕಮ್ಮಿ. ನನ್ನ ಅದೃಷ್ಟ ತಿರುಗಿತು ಅಂದುಕೊಂಡೆ.

ತಂದವನು ಗದಗಿನ ಕಡೆಯಿಂದ ಹೊಸದಾಗಿ ಬಂದಿದ್ದ ಕೊರಿಯರಿನವನು. ಬಾಪೂಜಿ ನಗರದಲ್ಲಿ ರೂಮಂತೆ. ಬೆವರು ಒರೆಸಿಕೊಂಡು ಕೇಳಿದ, "ಅಕ್ಕಾರ, ಟೇಬಲ್ ಎಲ್ಲಿ ಇಡ್ಲಿರಿ?"

"ಅಲ್ಲೇ ಕಿಟಕಿ ಹತ್ರ ಇಡಪ್ಪ. ಮಷಿನ್ ಹುಷಾರಾಗಿ ಇಳಿಸು."

"ಯಾವ ಮಷಿನ್ ರೀ? ಟೇಬಲ್ ಅಷ್ಟ ಐತ್ರಿ."

ನಾನು ಪ್ರಿಂಟ್ ಹಾಕಿಸಿದ್ದ ಫೋಟೋ ತಂದು ಅವನ ಮುಖಕ್ಕೆ ಹಿಡಿದೆ. "ನೋಡು, ಇದ್ರಲ್ಲಿ ಮಷಿನ್ ಇದೆ."

ಅವನು ಬೆರಳಿಟ್ಟು ಓದಿದ. "ಓವರ್‌ಲಾಕ್ ಮಷಿನ್ ಟೇಬಲ್. ಮಷಿನಿನ ಟೇಬಲ್ ಅಂತ ಬರದಾರ್ರಿ ಅಕ್ಕಾರ. ಮಷಿನ್ ಅಂತ ಎಲ್ಲಿ ಬರದಾರ?" ಆಮೇಲೆ ಫೋಟೋವನ್ನು ಇನ್ನೊಮ್ಮೆ ನೋಡಿ, ನಿಜವಾದ ಕಾಳಜಿಯಿಂದಲೇ ಕೇಳಿದ, "ಬೆಕ್ಕೂ ಬರಬೇಕಿತ್ತೇನ್ರಿ?"

ಅವನ ರಸೀದಿಗೆ ಸಹಿ ಹಾಕಿ ಕೊಟ್ಟೆ. ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಬೆಕ್ಕು ಬೇಕಂದ್ರ ಹೇಳ್ರಿ ಅಕ್ಕಾರ. ನಮ್ಮ ರೂಮಿನ್ಯಾಗ ಭಾಳ ಅದಾವ. ಚಾರ್ಜ್ ಇಲ್ಲ."

ಮೀಸಲು

ಮೂರು ಪಾಠ ಆಗಿತ್ತು. ಗಡಿಯಾರ ನೋಡಬೇಕು, ಆಸಿಸ್ ನೋಡಬೇಕು, ಚಿತ್ರ ನಂಬದೆ ಬರೆದದ್ದನ್ನು ಓದಬೇಕು. ಎಲ್ಲವನ್ನೂ ಮಾಡಿ ಒಂದು ಒಳ್ಳೆಯ ಮಷಿನಿಗೆ ಎಲ್ಲರಿಗಿಂತ ಹೆಚ್ಚು ರೇಟು ಹಾಕಿದೆ. ಟೈಮು ಮುಗಿಯಿತು. ಮೇಲುಗೈ ನನ್ನದೇ. ಆದರೆ ಮಷಿನ್ ಕೊಡಲಿಲ್ಲ. "ರಿಸರ್ವ್" ಎಂದು ಏನೋ ಬಂತು. ಡಿಕ್ಷನರಿ ತೆಗೆದೆ. ಮೀಸಲು.

"ಯಾರಿಗೆ ಮೀಸಲು ಸಾರ್?"

"ಅದು ಹಾಕಿಲ್ಲ ಮೇಡಮ್."

"ಬಸ್ಸಲ್ಲಿ ಯಾರಿಗೆ ಮೀಸಲು? ಹೆಂಗಸರಿಗೆ. ನಾನು ಯಾರು?"

ಅವರು ಉತ್ತರಿಸಲು ಸ್ವಲ್ಪ ಯೋಚಿಸಿದರು. ನಾನು ಹಟ ಹಿಡಿದು ಆ ಸೈಟಿನವರಿಗೆ ಯಜಮಾನರ ಕೈಯಲ್ಲೇ ಮೇಲ್ ಹೊಡೆಸಿದೆ: ನಾನು ಹೆಂಗಸು, ಸೀಟು ಬಿಟ್ಟುಕೊಡಿ. ಉತ್ತರ ಬಂತು. ಮಾರುವವನು ಇಷ್ಟಕ್ಕಿಂತ ಕಮ್ಮಿಗೆ ಕೊಡುವುದಿಲ್ಲ ಎಂದು ಒಂದು ರೇಟನ್ನು ಗುಟ್ಟಾಗಿ ಇಟ್ಟುಕೊಂಡಿರುತ್ತಾನಂತೆ, ಅದು ಯಾರಿಗೂ ಕಾಣುವುದಿಲ್ಲವಂತೆ. ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಬಾಯಲ್ಲಿ ಇನ್ನೊಂದು ಹೇಳುವುದಕ್ಕೆ ಅಲ್ಲಿ ರಿಸರ್ವ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಭಾವ ಅನ್ನುತ್ತೇವೆ.

ಓನರ್ ಒಬ್ಬರೇ ಬಳಸಿದ್ದು

ಮೇ ತಿಂಗಳ ಕೊನೆ. ಶಾಲೆಯವರು ಹೇಳಿ ಕಳಿಸಿದರು: ಈ ವಾರ ಮಷಿನ್ ತೋರಿಸಿ, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ನನ್ನ ಹತ್ತಿರ ಇದ್ದದ್ದು ಒಂದು ಸತ್ತ ಮಷಿನ್, ಒಂದು ಖಾಲಿ ಟೇಬಲ್ಲು. ಓನರಮ್ಮ "ಇದನ್ನ ಅದ್ರ ಮೇಲೆ ಇಟ್ರೆ ಸೆಟ್ ಆಯ್ತಲ್ಲ" ಎಂದು ಸಮಾಧಾನ ಹೇಳಿದರು. ಭಾವ ಅಕ್ಕನ ಕೈಲಿ ಹೇಳಿಸಿದ್ದರು, ಸ್ಟೂಲಿಗೆ ಹೊಸ ರೆಕ್ಸಿನ್ ಹಾಕಿಸಿದ್ದೇನೆ ಎಂದು.

ಅವತ್ತು ಸೈಬರಿನಲ್ಲಿ ಕೂತು ನೋಡುತ್ತಿದ್ದಾಗ ಬೆಂಗಳೂರಿನದೇ ಒಂದು ಓವರ್‌ಲಾಕ್ ಕಾಣಿಸಿತು. ಫೋಟೋ ಮಬ್ಬು. ಮಷಿನಿನ ಹಣೆಯ ಮೇಲೆ ಒಂದು ಕೆಂಪು ಚುಕ್ಕೆ. ತುಕ್ಕು ಇರಬೇಕು ಎಂದು ಯಜಮಾನರಿಗೆ ಹೇಳಿ ದೊಡ್ಡದು ಮಾಡಿಸಿದೆ. ತುಕ್ಕಲ್ಲ. ಬಿಂದಿ. ನನ್ನ ಬಿಂದಿ. ಭಾವನ ಅಂಗಡಿಯಲ್ಲಿ ಸೆಕೆಗೆ ಮುಖ ತೊಳೆಯಲು ಎದ್ದಾಗಲೆಲ್ಲ ಹಣೆಯದನ್ನು ತೆಗೆದು ಮಷಿನಿಗೆ ಅಂಟಿಸುತ್ತಿದ್ದೆ. ಒಂದು ಅಲ್ಲೇ ಉಳಿದಿತ್ತು.

ಕೆಳಗಿದ್ದ ಇಂಗ್ಲಿಷನ್ನು ಡಿಕ್ಷನರಿ ಹಿಡಿದು ಓದಿದೆ. ಆಸಿಸ್ ಓವರ್‌ಲಾಕ್ ಮಷಿನ್. ಓನರ್ ಒಬ್ಬರೇ ಬಳಸಿದ್ದು. ಓನರ್ ಫಾರಿನ್‌ಗೆ ಹೋಗುತ್ತಿರುವುದರಿಂದ ಮಾರಾಟ. ಫೋಟೋದಲ್ಲಿ ಇರುವುದೆಲ್ಲ ಸೇರಿ.

ಓನರ್ ಒಬ್ಬರೇ ಬಳಸಿದ್ದು. ಅದನ್ನು ಮತ್ತೆ ಮತ್ತೆ ಓದಿದೆ. ಆರು ವರ್ಷ ಆ ಮಷಿನ್ ಮುಂದೆ ಬೆನ್ನು ಬಗ್ಗಿಸಿದವಳು ನಾನು. ಓನರ್ ಅದನ್ನು ಮುಟ್ಟುತ್ತಿದ್ದದ್ದು ಆಯುಧಪೂಜೆಗೆ ಹೂವು ಇಡಲು. ಫಾರಿನ್ ವಿಷಯಕ್ಕೆ ಬಂದರೆ, ಭಾವ ಕೆಂಗೇರಿ ದಾಟಿದ್ದು ಒಂದೇ ಸಲ, ಅದೂ ಬಸ್ಸಿನಲ್ಲಿ ನಿದ್ದೆ ಹೋಗಿ.

ಅಕ್ಕನಿಗೆ ಫೋನ್ ಮಾಡಿದೆ. "ಭಾವ ಫಾರಿನ್‌ಗೆ ಹೋಗ್ತಿದಾರಂತೆ?"

"ಹಾಲು ತನ್ನಿ ಅಂದ್ರೆ ಎದ್ದೇಳಲ್ಲ ಕಣೇ, ಫಾರಿನ್ನಾ? ಹೊಸ ಮಷಿನ್ ತಗೋತಿದಾರೆ. ಹಳೇದನ್ನ ಇಲ್ಲಿ ಟೈಲರ್‌ಗಳಿಗೆ ಮಾರಿದ್ರೆ ಆಮೇಲೆ ಓವರ್‌ಲಾಕ್ ಮಾಡಿಸೋಕೆ ಇವರ ಹತ್ರ ಯಾರು ಬರ್ತಾರೆ? ಅದಕ್ಕೇ ಕಂಪ್ಯೂಟರಲ್ಲಿ ಹಾಕ್ಸಿದಾರೆ. ದೆಹಲಿ, ಬಾಂಬೆ ಕಡೆಯೋರು ತಗೊಂಡು ಹೋಗ್ಲಿ ಅಂತ. ನಿನಗಂತೂ ಕೊಡಲ್ವಂತೆ."

"ನಾನು ಕೇಳೇ ಇಲ್ವಲ್ಲ" ಎಂದು ಫೋನ್ ಇಟ್ಟೆ.

ಅಕೌಂಟ್ ಸೈಬರ್ ಯಜಮಾನರ ಹೆಸರಿನಲ್ಲಿದ್ದದ್ದರಿಂದ ನಾನು ಯಾರೆಂದು ಆ ಕಡೆ ಕಾಣುತ್ತಿರಲಿಲ್ಲ. ಮಾರುವವರಿಗೆ ಪ್ರಶ್ನೆ ಕೇಳಬಹುದಿತ್ತು, ಕೇಳಿಸಿದೆ: ಎಡಗಡೆ ದಾರ ಜಾರುತ್ತದೆಯೇ? ಉತ್ತರ ಬಂತು: ಯಾವತ್ತೂ ಇಲ್ಲ. ಜಾರುತ್ತದೆ, ಒಂದು ರಬ್ಬರ್ ಬ್ಯಾಂಡ್ ಸುತ್ತಿದರೆ ನಿಲ್ಲುತ್ತದೆ. ಪ್ರಪಂಚದಲ್ಲಿ ಆ ರಬ್ಬರ್ ಬ್ಯಾಂಡಿನ ಗುಟ್ಟು ಗೊತ್ತಿದ್ದವಳು ನಾನೊಬ್ಬಳೇ.

ಹರಾಜು ಮುಗಿಯುವ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಕೂತೆ. ದೆಹಲಿಯವನೊಬ್ಬ ಬಿಡದೆ ಏರಿಸುತ್ತಿದ್ದ. ಒಂಬತ್ತು ಸಾವಿರಕ್ಕೆ ಬಂದು ನಿಂತ. ನನ್ನ ಹತ್ತಿರ ಇದ್ದದ್ದೂ ಹೆಚ್ಚುಕಮ್ಮಿ ಅಷ್ಟೇ. ಗಡಿಯಾರ ಕೊನೆಯ ನಿಮಿಷಕ್ಕೆ ಇಳಿದಾಗ ನಾನು ಒಂಬತ್ತು ಸಾವಿರದ ಒಂದು ಎಂದು ಹಾಕಿಸಿದೆ. ಮುಯ್ಯಿ ಓದಿಸುವಾಗ ಯಾರಾದರೂ ಸೊನ್ನೆಯಲ್ಲಿ ನಿಲ್ಲಿಸುತ್ತಾರೆಯೇ? ನೂರಾ ಒಂದು, ಐನೂರ ಒಂದು. ದೆಹಲಿಯವನಿಗೆ ಆ ಪದ್ಧತಿ ಗೊತ್ತಿರಲಿಲ್ಲವೋ, ಎದ್ದು ಊಟಕ್ಕೆ ಹೋಗಿದ್ದನೋ, ಸುಮ್ಮನಾದ. ಯಜಮಾನರಿಗೆ ತಡೆಯಲಾಗಲಿಲ್ಲ. "ಮೂರನೇ ಸಲ" ಎಂದು ಕೂಗಿ ಕಂಪ್ಯೂಟರಿನ ಡಬ್ಬಕ್ಕೆ ಒಂದು ಏಟು ಹಾಕಿದರು. ಕಂಪ್ಯೂಟರ್ ಆಫ್ ಆಯಿತು. ಗೆದ್ದೆವೋ ಸೋತೆವೋ ತಿಳಿಯಲು ಪಕ್ಕದ ಕ್ಯಾಬಿನ್ನಿನಲ್ಲಿ ಚಾಟ್ ಮಾಡುತ್ತಿದ್ದವನನ್ನು ಎಬ್ಬಿಸಬೇಕಾಯಿತು.

ಗೆದ್ದಿದ್ದೆ.

ಮರುದಿನ ಬೆಳಿಗ್ಗೆ ಗೂಡ್ಸ್ ಆಟೋ ಕರೆದುಕೊಂಡು ರಾಜಾಜಿನಗರಕ್ಕೆ ಹೋದೆ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು.

"ನಾಳೆ ಬಾ" ಎಂದರು ನನ್ನ ಮುಖವನ್ನೂ ನೋಡದೆ. "ಇವತ್ತು ಮಷಿನ್ ತಗೊಂಡು ಹೋಗೋಕೆ ಪಾರ್ಟಿ ಬರ್ತಾ ಇದೆ."

"ಯಾವ ಪಾರ್ಟಿ ಭಾವ?"

"ದೊಡ್ಡ ಪಾರ್ಟಿ. ಒಂಬತ್ತು ಸಾವಿರದ ಒಂದು ಕೊಟ್ಟಿದಾರೆ. ಆ ಒಂದು ರೂಪಾಯಿ ನೋಡಿದ್ಯಾ? ಸಂಸ್ಕಾರ ಅಂದ್ರೆ ಅದು. ನಿನ್ನಂಥೋರು ಕಲೀಬೇಕು."

"ಥ್ಯಾಂಕ್ಸ್ ಭಾವ" ಎಂದು ದುಡ್ಡನ್ನೂ ಪ್ರಿಂಟ್ ಹಾಕಿಸಿದ ಹಾಳೆಯನ್ನೂ ಅವರ ಮುಂದಿಟ್ಟೆ.

ಹಾಳೆ ನೋಡಿದರು. ಆಟೋ ನೋಡಿದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡರು. "ನಿನಗೆ ಕೊಡಲ್ಲ ಕಣೇ. ಇದು ಸರಿ ಇಲ್ಲ. ಎಡಗಡೆ ದಾರ ಜಾರುತ್ತೆ."

"ಪರವಾಗಿಲ್ಲ. ಆಸಿಸ್ ಅಂತ ನೀವೇ ಹಾಕಿದೀರಲ್ಲ."

"ಒಳ್ಳೇ ಕಂಪನಿ ಹೆಸರು, ರೇಟ್ ಬರುತ್ತೆ ಅಂತ ಹಾಕ್ಸಿದ್ದೆ. ಅದಕ್ಕೇನೀಗ?"

ಅದಕ್ಕೇನು ಎಂದು ಅವರಿಗೆ ನಿಧಾನವಾಗಿ ವಿವರಿಸಿದೆ. ಇದ್ದದ್ದು ಇದ್ದ ಹಾಗೆ. ಒಮ್ಮೆ ಕೊಟ್ಟರೆ ಮುಗಿಯಿತು, ವಾಪಸ್ ಇಲ್ಲ. ಅವರು ಸ್ಟೂಲು ಎಳೆದುಕೊಂಡು ಕೂತರು.

"ಏಳಿ ಭಾವ. ಸ್ಟೂಲೂ ನನ್ನದೇ."

"ಸ್ಟೂಲ್ ಹೆಂಗೆ ನಿನ್ನದು?"

"ಫೋಟೋದಲ್ಲಿ ಇರೋದೆಲ್ಲ ಸೇರಿ ಅಂತ ಬರ್ಸಿದೀರ. ಸ್ಟೂಲ್ ಇದೆ. ಎಣ್ಣೆ ಡಬ್ಬಿ ಇದೆ. ಗೋಡೆ ಮೇಲೆ ಕ್ಯಾಲೆಂಡರ್ ಇದೆ, ಅದು ಬೇಡ. ಆಮೇಲೆ ಇಲ್ನೋಡಿ, ಪೆಡಲ್ ಮೇಲೆ ಒಂದು ಕಾಲಿದೆ. ಯಾರದಿದು?"

ಸದ್ದು ಕೇಳಿ ಅಕ್ಕ ಅಂಗಡಿಗೆ ಅಂಟಿಕೊಂಡ ಮನೆಯ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದಳು. ಹಾಳೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ಇವರದ್ದೇ ಕಣೇ. ಹೆಬ್ಬೆರಳು ನೋಡು." ಹಾಳೆ ವಾಪಸ್ ಕೊಟ್ಟು ಒಳಗೆ ತಿರುಗಿದಳು. "ತಗೊಂಡು ಹೋಗು. ಆದ್ರೆ ಈಗ್ಲೇ ಹೇಳಿದೀನಿ, ನಾನೂ ರಿಟರ್ನ್ ತಗೊಳ್ಳಲ್ಲ."

ಕಾಲನ್ನು ಅಲ್ಲೇ ಬಿಟ್ಟು ಬಂದೆ. ಅದೊಂದೇ ನಾನು ಅವರಿಗೆ ಮಾಡಿದ ರಿಯಾಯಿತಿ. ಅವರ ಹೊಸ ಮಷಿನ್ ವಾರಕ್ಕೊಮ್ಮೆ ರಿಪೇರಿಗೆ ಕೂರುತ್ತದೆ. ಆಗೆಲ್ಲ ಭಾವ ಗಂಟು ಹೊತ್ತುಕೊಂಡು ವಿಜಯನಗರಕ್ಕೆ ಬರುತ್ತಾರೆ. ಬಾಗಿಲ ಪಕ್ಕದ ಗೋಡೆಯ ಮೇಲೆ ನಾನು ಬಣ್ಣದಲ್ಲಿ ಬರೆಸಿರುವ ಎರಡು ಪದಗಳನ್ನು ಓದಿಕೊಂಡು ವಾಪಸ್ ಹೋಗುತ್ತಾರೆ.

ಇವತ್ತು ನನ್ನದು ಎಂದು ಇರುವುದು ಒಂದು ಅಂಗಡಿ, ಒಂದು ಶಾಲೆಯ ಯೂನಿಫಾರ್ಮ್ ಕೆಲಸ, ಬೆಕ್ಕಿಲ್ಲದ ಒಂದು ಬಟ್ಟೆ ಕತ್ತರಿಸುವ ಟೇಬಲ್ಲು, ಬಾಗಿಲು ಹೊಡೆದುಕೊಳ್ಳದ ಹಾಗೆ ಅಡ್ಡ ಇಡಲು ಒಂದು ಆಸಿಸ್, ಹೊಸ ರೆಕ್ಸಿನ್ ಹಾಕಿಸಿದ ಸ್ಟೂಲು, ಮತ್ತು ಹಣೆಯಲ್ಲಿ ಬಿಂದಿ ಇರುವ ಓವರ್‌ಲಾಕು. ಓವರ್‌ಲಾಕಿಗೆ ಬಿದ್ದದ್ದು ಆರು ವರ್ಷ ಮತ್ತು ಒಂಬತ್ತು ಸಾವಿರದ ಒಂದು ರೂಪಾಯಿ. ಒಂಬತ್ತು ಸಾವಿರ ಮಷಿನಿಗೆ. ಒಂದು ರೂಪಾಯಿ ಭಾವನಿಗೆ ಮುಯ್ಯಿ.